ಟೋಕಿಯೊದಿಂದ ಬಸ್ಸಲ್ಲಿ ಹೋಗುವ ನಾಲ್ಕು ಬೆಟ್ಟ: ಹತ್ತಿ ನೋಡಿ ಮಾಡಿದ ಹೋಲಿಕೆ

ಟೋಕಿಯೊದಲ್ಲಿ ಕಾರಿಲ್ಲದೆ ಬೆಟ್ಟ ಹತ್ತುವವರನ್ನು ಕಂಡು ಯಾರೂ ಮರುಗಬೇಕಾಗಿಲ್ಲ. ಕಾರು ತಂದವರು ಸಂಜೆ ಅದನ್ನು ನಿಲ್ಲಿಸಿದ ಜಾಗಕ್ಕೇ ಇಳಿದು ಬರಬೇಕು. ಬಸ್ಸಿನವರಿಗೆ ಆ ಕಟ್ಟುಪಾಡಿಲ್ಲ. ಒಂದು ಕಣಿವೆಯಲ್ಲಿ ಹತ್ತಿ, ಬೆಟ್ಟಸಾಲಿನ ನೆತ್ತಿಯ ಮೇಲೆ ನಾಲ್ಕಾರು ಶಿಖರ ದಾಟಿ, ಬೇರೆಯದೇ ಊರಿಗೆ ಇಳಿಯಬಹುದು. ಅದಕ್ಕೇ ಬೆಟ್ಟ ಆರಿಸುವಾಗ ಎತ್ತರಕ್ಕಿಂತ ಮೊದಲು ನಾನು ನೋಡುವುದು ಬಸ್ಸಿನ ಸಮಯಪಟ್ಟಿ: ಹತ್ತುವ ಕಡೆ ಬೆಳಗಿನ ಬಸ್ ಎಷ್ಟಕ್ಕೆ, ಇಳಿಯುವ ಕಡೆ ಕೊನೆಯ ಬಸ್ ಎಷ್ಟಕ್ಕೆ. ವಾರದ ದಿನಗಳ ಪಟ್ಟಿ ಬೇರೆ, ಶನಿವಾರ ಮತ್ತು ರಜಾದಿನಗಳ ಪಟ್ಟಿ ಬೇರೆ. ಸರಿಯಾದದ್ದನ್ನೇ ನೋಡಿದ್ದೀರಾ ಎಂದು ಎರಡು ಸಲ ಖಚಿತಪಡಿಸಿಕೊಳ್ಳಿ.

ಬೆಂಗಳೂರಿನಿಂದ ಕೆಲಸದ ಮೇಲೆ ಬರುವ ಗೆಳೆಯರಿಗೆ ಆಫೀಸಿನವರು ಮೊದಲು ಹೇಳುವ ಹೆಸರು ಟಕಾವೊ. ಎತ್ತರ 599 ಮೀಟರ್, ಬುಡಕ್ಕೇ ರೈಲು, ಅರ್ಧ ದಾರಿಗೆ ಕೇಬಲ್ ಕಾರ್. ವಾರಾಂತ್ಯದಲ್ಲಿ ಜಾತ್ರೆಯಷ್ಟು ಜನ. ಟಕಾವೊವನ್ನು ಆರಂಭ ಮಾಡಿಕೊಳ್ಳುವ ಬದಲು ಕೊನೆ ಮಾಡಿಕೊಂಡರೆ ಅದೇ ಬೆಟ್ಟ ಬೇರೆಯಾಗಿ ಕಾಣುತ್ತದೆ. ಅದಕ್ಕೆ ಜಿಂಬಾ ಎಂಬ ಬೆಟ್ಟದ ಕಡೆಯಿಂದ ನಡೆದು ಬರಬೇಕು.

ಶಿಂಜುಕುವಿನಿಂದ ಚುವೊ ಮಾರ್ಗದಲ್ಲಿ ಟಕಾವೊ ನಿಲ್ದಾಣಕ್ಕೆ ಸುಮಾರು ಒಂದು ಗಂಟೆ. ಉತ್ತರ ದ್ವಾರದ ಎದುರು ಜಿಂಬಾ-ಕೋಗೆನ್-ಶಿತಾಕ್ಕೆ ಹೋಗುವ ನಿಶಿ ಟೋಕಿಯೊ ಬಸ್ ನಿಂತಿರುತ್ತದೆ. ಒಳ್ಳೆ ಹವಾಮಾನದ ರಜಾದಿನ ಸಾಲು ಉದ್ದವಾದರೆ ಹೆಚ್ಚುವರಿ ಬಸ್ ಬಿಡುತ್ತಾರೆ. ನಲವತ್ತು ನಿಮಿಷದ ದಾರಿ. ಮನೆಗಳು ವಿರಳವಾಗುತ್ತ ಕಣಿವೆ ಕಿರಿದಾಗುತ್ತ ಹೋಗುತ್ತದೆ. ಕೊನೆಯ ನಿಲ್ದಾಣದಿಂದ 855 ಮೀಟರಿನ ಜಿಂಬಾ ತುದಿಗೆ ಒಂದೂವರೆ ಗಂಟೆಯ ಏರು. ಮೇಲೆ ಬಿಳಿ ಕುದುರೆಯ ದೊಡ್ಡ ಪ್ರತಿಮೆ, ಸುತ್ತ ಬೋಳು ಹುಲ್ಲುಗಾವಲು, ಮೋಡವಿಲ್ಲದಿದ್ದರೆ ಎದುರಿಗೆ ಫ್ಯೂಜಿ. ಅಲ್ಲಿಂದ 727 ಮೀಟರಿನ ಕಾಗೆನೊಬು, ಕೊಬೊತೊಕೆ ಕಣಿವೆದಾರಿ, 670 ಮೀಟರಿನ ಶಿರೊಯಾಮಾ, ಕಡೆಗೆ ಟಕಾವೊ. ಇಡೀ ದಿನದ ನಡಿಗೆ, ಆದರೆ ಎಲ್ಲೂ ಹೆದರಿಸುವ ಜಾಗವಿಲ್ಲ. ದಾರಿಯುದ್ದಕ್ಕೂ ಚಹಾ ಅಂಗಡಿಗಳಿವೆ. ಬೇಸಿಗೆಯಲ್ಲಿ ಶಿರೊಯಾಮಾದಲ್ಲಿ ಮುಖದಷ್ಟು ದೊಡ್ಡ ತುರಿದ ಐಸ್ ಕೊಡುತ್ತಾರೆ. ಬೆವರಿಳಿಯುತ್ತ ಬಂದವರಿಗೆ ಅದರಷ್ಟು ರುಚಿ ಬೇರೆ ಯಾವುದಕ್ಕೂ ಇಲ್ಲ.

ಈ ದಾರಿಯ ದೊಡ್ಡ ಗುಣ ಅದರ ಹೊರದಾರಿಗಳು. ಮಳೆ ಹಿಡಿದರೆ, ಜೊತೆಗಿರುವವರ ಮೊಣಕಾಲು ನೋಯತೊಡಗಿದರೆ, ಕೊಬೊತೊಕೆಯಿಂದ ಕೆಳಗಿಳಿದು ಟಕಾವೊ ನಿಲ್ದಾಣದ ಬಸ್ ಹಿಡಿಯಬಹುದು. ಶಿರೊಯಾಮಾದಿಂದ ಸಗಾಮಿಕೊ ಕಡೆಗೂ ದಾರಿಯಿದೆ. ಗಡಿಯಾರದ ಕಾಟವೆಲ್ಲ ಬೆಳಗ್ಗೆಯೇ ಮುಗಿಯುತ್ತದೆ, ಏಕೆಂದರೆ ಕೊನೆಯಲ್ಲಿ ಕಾಯುತ್ತಿರುವುದು ಬಸ್ಸಲ್ಲ, ರಾತ್ರಿಯವರೆಗೂ ಓಡುವ ಕೇಯೊ ರೈಲು. ಟಕಾವೊ ಬುಡದ ಟಕಾವೊಸಾನ್‌ಗುಚಿ ನಿಲ್ದಾಣದ ಪಕ್ಕದಲ್ಲೇ 2015ರಲ್ಲಿ ತೆರೆದ ಬಿಸಿನೀರಿನ ಸ್ನಾನಗೃಹವೂ ಇದೆ. ಇದೇ ದಾರಿಯನ್ನು ತಿರುಗಾಮುರುಗಾ ನಡೆಯಲು ಯಾರಾದರೂ ಕೇಳಿದರೆ ಬೇಡ ಎನ್ನುತ್ತೇನೆ: ಆಗ ಜಿಂಬಾದ ಇಳಿಜಾರಿನಲ್ಲಿ ಕಾಲಿನ ಮೇಲೆ ಗಮನವಿರುವುದಿಲ್ಲ, ಗಂಟೆಗೆ ಒಂದು ಬರುವ ಬಸ್ಸಿನ ಮೇಲಿರುತ್ತದೆ.

ಅಪ್ಪ ಅಮ್ಮ ಊರಿನಿಂದ ಬಂದಿದ್ದರೆ ನಾನು ಕರೆದುಕೊಂಡು ಹೋಗುವುದು ಓಯಾಮಾಕ್ಕೆ. ಒಡಾಕ್ಯು ರೈಲಿನಲ್ಲಿ ಇಸೆಹಾರಾ, ಅಲ್ಲಿಂದ ಬಸ್ಸಲ್ಲಿ ಅರ್ಧ ಗಂಟೆಯೊಳಗೆ ಬೆಟ್ಟದ ಬುಡ. ಬಸ್ ಇಳಿದೊಡನೆ ಕೇಬಲ್ ಕಾರಿನ ನಿಲ್ದಾಣದವರೆಗೆ ಅಂಗಡಿಗಳ ನಡುವೆ ಮೆಟ್ಟಿಲುಗಳು, ಒಟ್ಟು 362. ಬುಗುರಿ, ಉಪ್ಪಿನಕಾಯಿ, ತೊಫು ಊಟದ ಮನೆಗಳು. ಎಡೋ ಕಾಲದಿಂದಲೂ (17ರಿಂದ 19ನೇ ಶತಮಾನ) ಜನ ತಂಡ ಕಟ್ಟಿಕೊಂಡು ಯಾತ್ರೆ ಬರುತ್ತಿದ್ದ, ಮಳೆಗಾಗಿ ಬೇಡಿಕೊಳ್ಳುತ್ತಿದ್ದ ಬೆಟ್ಟ ಇದು. ಅಫುರಿ ದೇಗುಲದವರೆಗೆ ಕೇಬಲ್ ಕಾರಿನಲ್ಲಿ ಹೋದರೆ ಹಿರಿಯರು ಅಲ್ಲೇ ಕುಳಿತು ಸಗಾಮಿ ಕೊಲ್ಲಿ ನೋಡಬಹುದು. ಕಾಲು ಗಟ್ಟಿ ಇರುವವರು 1252 ಮೀಟರಿನ ತುದಿಗೆ ಹೋಗಿ ಬರಬಹುದು. ತುದಿಯ ದಾರಿಯಲ್ಲಿ 28 ಕಲ್ಲುಗುರುತುಗಳಿದ್ದು, ಎಣಿಸುತ್ತ ಹತ್ತುವುದು ಮಕ್ಕಳಿಗೆ ಖುಷಿ. ತೊಫು ಎಂದಾಕ್ಷಣ ಸಸ್ಯಾಹಾರ ಎಂದುಕೊಳ್ಳಬೇಡಿ, ಸಾರಿನಲ್ಲಿ ಸಾಮಾನ್ಯವಾಗಿ ಒಣಮೀನಿನ ರಸ ಇರುತ್ತದೆ. ಕೇಳಿಯೇ ಕೂರಿ, ಇಲ್ಲವೇ ಚಿತ್ರಾನ್ನ ಕಟ್ಟಿಕೊಂಡು ಹೋಗಿ.

ನಡಿಗೆಯಾಗಿ ಓಯಾಮಾ ನನಗೆ ಜಿಂಬಾದಷ್ಟು ಹಿಡಿಸಿಲ್ಲ. ಮೆಟ್ಟಿಲು ಹೆಚ್ಚು, ಜನ ಹೆಚ್ಚು, ಬಂದ ದಾರಿಯಲ್ಲೇ ಇಳಿಯುವವರೇ ಹೆಚ್ಚು. ಹಿನಾತಾ ಯಾಕುಶಿ ದೇವಾಲಯದ ಕಡೆಗೆ ಇಳಿದರೆ ಕಾಡು ಒಮ್ಮೆಲೇ ನಿಶ್ಶಬ್ದವಾಗುತ್ತದೆ, ಕೆಳಗೆ ಇಸೆಹಾರಾಗೆ ಬೇರೆ ಬಸ್ಸೂ ಸಿಗುತ್ತದೆ. ಈ ಭಾಗದಲ್ಲಿ ಬೆಚ್ಚಗಿನ ಮಳೆದಿನಗಳಲ್ಲಿ ಜಿಗಣೆ ಉಂಟು. ಮಲೆನಾಡಿನವರಿಗೆ ಇಂಬಳದ ಬಗ್ಗೆ ಹೇಳಿಕೊಡಬೇಕಾಗಿಲ್ಲ: ಉಪ್ಪು ಜೇಬಿನಲ್ಲಿರಲಿ, ಪ್ಯಾಂಟು ಸಾಕ್ಸಿನೊಳಗಿರಲಿ, ನಿಂತಲ್ಲೇ ನಿಲ್ಲಬೇಡಿ.

ಇನ್ನು ನನ್ನ ಪ್ರೀತಿಯ ತೊನೊದಾಕೆ, 1491 ಮೀಟರ್. ಇದಕ್ಕೆ ಬಸ್ಸಿನಿಂದ ಎರಡು ಬಾಗಿಲು. ಶಿಬುಸಾವಾ ನಿಲ್ದಾಣದಿಂದ ಹದಿನೈದು ನಿಮಿಷಕ್ಕೆ ಓಕುರಾ. ಬಸ್ಸುಗಳು ಮೇಲಿಂದ ಮೇಲೆ ಇವೆ. ಅಲ್ಲಿಂದ ಏಳು ಕಿಲೋಮೀಟರಿನಲ್ಲಿ 1200 ಮೀಟರ್ ಏರು. ಕುಕ್ಕೆಯಿಂದ ಕುಮಾರಪರ್ವತದ ಮೊದಲ ಏರು ಹತ್ತಿದ ಕಾಲುಗಳಿಗೆ ಈ ದಾರಿಯ ಗುರುತು ಸಿಗುತ್ತದೆ, ವ್ಯತ್ಯಾಸವೆಂದರೆ ಇಲ್ಲಿ ಮಣ್ಣು ಕೊಚ್ಚಿಹೋಗದಂತೆ ಮರದ ಮೆಟ್ಟಿಲು ಕಟ್ಟಿದ್ದಾರೆ, ಅವು ಮುಗಿಯುವುದೇ ಇಲ್ಲ.

ಎರಡನೆಯ ಬಾಗಿಲು ಹದಾನೊ ನಿಲ್ದಾಣದಿಂದ ಯಾಬಿತ್ಸು ಕಣಿವೆದಾರಿಗೆ ಹೋಗುವ ಬಸ್. ಮುಕ್ಕಾಲು ಗಂಟೆ ತಿರುವು ತಿರುವಾಗಿ ಏರಿ 761 ಮೀಟರಿನಲ್ಲಿ ಇಳಿಸುತ್ತದೆ. ಅಂದರೆ ಅರ್ಧ ಬೆಟ್ಟ ಬಸ್ಸೇ ಹತ್ತಿರುತ್ತದೆ! ಅಲ್ಲಿಂದ 1205 ಮೀಟರಿನ ಸನ್ನೊತೊ ದಾಟಿ, ಎಡಕ್ಕೆ ಸಮುದ್ರ, ಮುಂದೆ ಫ್ಯೂಜಿ ನೋಡುತ್ತ ಬೆಟ್ಟಸಾಲಿನ ಮೇಲೆ ನಡೆಯುವುದು. ಗ್ಯೋಜಾ ಶಿಖರದ ಬಳಿ ಸರಪಳಿ ಹಿಡಿದು ಇಳಿಯುವ ಜಾಗವೊಂದಿದೆ. ಕೈ ಖಾಲಿ ಇಟ್ಟುಕೊಳ್ಳಿ, ಮುಂದಿನವರು ಪೂರ್ತಿ ಇಳಿಯುವವರೆಗೆ ಕಾಯಿರಿ. ತೊನೊದಾಕೆ ಮುಟ್ಟಿ ಓಕುರಾ ಕಡೆಗೆ ಇಳಿದರೆ ಸಂಜೆಗೆ ಬಸ್ಸಿನ ಚಿಂತೆಯಿಲ್ಲ, ಹದಾನೊ ಶಿಬುಸಾವಾ ಎರಡೂ ಒಂದೇ ಮಾರ್ಗದ ಅಕ್ಕಪಕ್ಕದ ನಿಲ್ದಾಣಗಳು. ಒಡಾಕ್ಯು ಈ ಬೆಟ್ಟಸೀಮೆಗೆಂದು ಕೊಡುವ ತಂಜಾವಾ-ಓಯಾಮಾ ಪಾಸ್‌ನಲ್ಲಿ ಈ ಬಸ್ಸುಗಳೂ ಸೇರುತ್ತವೆ. ಕಾರಿನವರಿಗೆ ಈ ದಾರಿ ದಕ್ಕುವುದು ಕಷ್ಟ, ಕಾರು ಯಾಬಿತ್ಸುವಿನಲ್ಲೇ ಉಳಿದಿರುತ್ತದಲ್ಲ.

ತೊಡಕು ಇರುವುದು ಬೆಳಗ್ಗೆ. ಯಾಬಿತ್ಸುವಿಗೆ ಬಸ್ಸು ಕಡಿಮೆ, ವಾರದ ದಿನಗಳಲ್ಲಂತೂ ತೀರಾ ಕಡಿಮೆ. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟಿದರೆ ಕೆಳಗಿನ ಮಿನೊಗೆಯಲ್ಲೇ ನಿಲ್ಲಿಸಿಬಿಡುತ್ತಾರೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುವುದರಿಂದ ಒಂದು ಬಸ್ ತಪ್ಪಿದರೂ ಕತ್ತಲಲ್ಲಿ ಇಳಿಯಬೇಕಾಗುತ್ತದೆ. ತಲೆಗೆ ಕಟ್ಟುವ ದೀಪವಿಲ್ಲದೆ ಅತ್ತ ಹೋಗಲೇಬೇಡಿ.

ಓಕುರಾದಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಬೂಟು ತೊಳೆಯುವ ಜಾಗ. ಇಳಿದು ಬಂದವರು ಸಾಲಾಗಿ ನಲ್ಲಿಯ ಮುಂದೆ ಬಗ್ಗಿ, ಅಲ್ಲೇ ಇಟ್ಟಿರುವ ಬ್ರಷ್ಷಿನಿಂದ ಬೂಟಿನ ಅಡಿಯ ಹಳ್ಳಗಳಲ್ಲಿ ಕುಳಿತ ಕೆಂಗಂದು ಮಣ್ಣನ್ನು ಉಜ್ಜಿ ತೆಗೆಯುತ್ತಾರೆ. ಊರುಗೋಲಿನ ತುದಿಗೂ ಅದೇ ಉಪಚಾರ. ನಂತರವೇ ಬಸ್ ಹತ್ತುವುದು. ಬೆನ್ನುಚೀಲವನ್ನು ಎದೆಗೆ ಅಥವಾ ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಾರೆ. ಮಲೆದಾರಿಯ ಅನೇಕ ಬಸ್ಸುಗಳಲ್ಲಿ ನಡುಬಾಗಿಲಲ್ಲಿ ಹತ್ತುವಾಗ ಸಂಖ್ಯೆಯ ಚೀಟಿ ತೆಗೆದುಕೊಳ್ಳಬೇಕು, ಇಲ್ಲವೇ ಸುಯಿಕಾ ಎಂಬ ಪ್ರಯಾಣದ ಕಾರ್ಡ್ ಮುಟ್ಟಿಸಬೇಕು. ಮುಂದಿನ ಫಲಕದಲ್ಲಿ ಆ ಸಂಖ್ಯೆಯ ಕೆಳಗೆ ಕಾಣುವ ಹಣವನ್ನು ಇಳಿಯುವಾಗ ಚಾಲಕನ ಪಕ್ಕದ ಪೆಟ್ಟಿಗೆಗೆ ಹಾಕುವುದು. ಸಾವಿರ ಯೆನ್ ನೋಟುಗಳು ಜೊತೆಗಿರಲಿ, ದೊಡ್ಡ ನೋಟು ನಡೆಯದು.

ಕುಮೊತೊರಿಯನ್ನು ಈ ಮೂರರ ಸಾಲಿಗೆ ಸೇರಿಸಲು ಹಿಂಜರಿಕೆಯಾಗುತ್ತದೆ, ಅದು ಬೇರೆಯೇ ತೂಕದ ಬೆಟ್ಟ. 2017 ಮೀಟರ್, ಟೋಕಿಯೊದಲ್ಲೇ ಅತಿ ಎತ್ತರದ ಜಾಗ. ತುದಿಯಲ್ಲಿ ಟೋಕಿಯೊ, ಸೈತಾಮಾ, ಯಾಮಾನಾಶಿ ಮೂರೂ ಸೇರುತ್ತವೆ. ಓಕುತಾಮಾ ತಲುಪಲೇ ಎರಡು ಗಂಟೆ, ಅಲ್ಲಿಂದ ಸರೋವರದ ಅಂಚಿನಲ್ಲಿ ಕಾಮೊಸಾವಾಗೆ ಮತ್ತೆ ಅರ್ಧ ಗಂಟೆಗೂ ಮಿಕ್ಕ ಬಸ್ ದಾರಿ, ಬಸ್ಸುಗಳೂ ಬೆರಳೆಣಿಕೆಯವು. ಇಲ್ಲಿ ಮಾತ್ರ ಕಾರಿನವರದೇ ಮೇಲುಗೈ: ಅವರು ಅರ್ಧ ಗಂಟೆಯ ನಡಿಗೆಯಷ್ಟು ಮೇಲಿರುವ ನಿಲುಗಡೆಯಿಂದ, ಬಸ್ಸಿಗಿಂತ ಎಷ್ಟೋ ಮುಂಚೆ ಹೊರಟುಬಿಟ್ಟಿರುತ್ತಾರೆ. ಬಸ್ಸಿನಲ್ಲಿ ಹೋಗಿ ಒಂದೇ ದಿನದಲ್ಲಿ ಹಿಂದಿರುಗುವ ಯೋಚನೆಯನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಬೆಟ್ಟದ ಮೇಲೆ ಚಾರಣಿಗರು ತಂಗುವ ಗುಡಿಸಲಿನಲ್ಲಿ ಒಂದು ರಾತ್ರಿಗೆ ಜಾಗ ಕಾಯ್ದಿರಿಸಿ, ಮರುದಿನ ಉತ್ತರಕ್ಕೆ ನಡೆದು ಮಿತ್ಸುಮಿನೆ ದೇಗುಲಕ್ಕೆ ಇಳಿಯಿರಿ. ಕಲ್ಲಿನ ತೋಳಗಳು ಕಾವಲಿರುವ ಆ ದೇಗುಲದಿಂದ ಸೇಯಿಬು-ಚಿಚಿಬು ನಿಲ್ದಾಣಕ್ಕೆ ಬಸ್ಸಿದೆ, ಒಂದೂ ಕಾಲು ಗಂಟೆಯ ದಾರಿ. ಆದರೆ ದಿನಕ್ಕೆ ಕೆಲವೇ ಬಸ್ಸು. ಗುಡಿಸಲಿನಿಂದ ಬೆಳಕು ಹರಿಯುವ ಹೊತ್ತಿಗೇ ಹೊರಡಿ.