ಮಳೆಗಾಲದ ಮನೆಯಲ್ಲಿ ಶೂರ್ ಎಸ್‌ಎಂ57 ಮೈಕ್

ತೀರ್ಥಹಳ್ಳಿಯ ನಮ್ಮ ಹೆಂಚಿನ ಮನೆಯಲ್ಲಿ ಎರಡು ಮಳೆಗಾಲ ಎಲೆಕ್ಟ್ರಿಕ್ ಗಿಟಾರಿನ ಧ್ವನಿಮುದ್ರಣಕ್ಕೆ ಬಳಸಿದ ಮೇಲೆ, 1965ರಲ್ಲಿ ಮಾರುಕಟ್ಟೆಗೆ ಬಂದ ಶೂರ್ ಎಸ್‌ಎಂ57 ಮೈಕನ್ನು ಮನಸಾರೆ ಮೆಚ್ಚಿದ್ದೇನೆ. ಅಯಸ್ಕಾಂತ ಮತ್ತು ತಂತಿಸುರುಳಿಯಿಂದ ತಾನೇ ವಿದ್ಯುತ್ ಸಂಕೇತ ಹುಟ್ಟಿಸುವ ಡೈನಮಿಕ್ ಮೈಕ್ ಆದ್ದರಿಂದ ಇದಕ್ಕೆ ಫ್ಯಾಂಟಮ್ ಪವರ್, ಅಂದರೆ ಕೇಬಲ್ ಮೂಲಕ ಮೈಕಿಗೆ ಕೊಡುವ ವಿದ್ಯುತ್, ಬೇಡ. ಆಂಪ್ಲಿಫೈಯರ್‌ನ ಜಾಲರಿಯಿಂದ ಎರಡು ಬೆರಳು ಅಂತರದಲ್ಲಿಟ್ಟು ಜೋರಾಗಿ ನುಡಿಸಿದರೂ ಧ್ವನಿ ಒಡೆಯುವುದಿಲ್ಲ. ನಿಜವಾದ ಕೆಲಸವಿರುವುದು ಮೈಕ್ ಇಡುವ ಜಾಗದಲ್ಲಿ: ಸ್ಪೀಕರಿನೊಳಗೆ ಕಂಪಿಸುವ ಶಂಕುವಿನಾಕಾರದ ಹಾಳೆಯ (ಕೋನ್) ನಟ್ಟನಡುವಿನ ಎದುರು ಇಟ್ಟರೆ ತಂತಿಯ ನಾದ ಕಿವಿಗೆ ಚುಚ್ಚುವಷ್ಟು ಹರಿತವಾಗುತ್ತದೆ, ಅಂಚಿನತ್ತ ಒಂದಂಗುಲ ಸರಿಸಿದರೆ ಅದೇ ನಾದ ದುಂಡಗಾಗಿ ತುಂಬಿಕೊಳ್ಳುತ್ತದೆ, ತೀರಾ ಹತ್ತಿರ ತಂದರೆ ಮಂದ್ರ ಉಬ್ಬುತ್ತದೆ. ಹಿಂಬದಿಯ ಸದ್ದನ್ನು ಕಡಿಮೆ ಹಿಡಿಯುವ ಗುಣವಿದ್ದರೂ, ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುವಾಗ ಮೆಲುವಾದ ನುಡಿಸಾಣಿಕೆಯನ್ನು ಅದೂ ಉಳಿಸಲಾರದು, ಹೊಳವಾಗುವವರೆಗೆ ಕಾಯುತ್ತೇನೆ. ಬಳಸದ ದಿನಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡುವುದರಿಂದ ಇದುವರೆಗೆ ಬೂಷ್ಟು ಹಿಡಿದಿಲ್ಲ.