ಹಳೇ ವ್ಯಾಗನ್ ಆರ್‌ಗೆ ಎಲ್ಇಡಿ ರಿವರ್ಸ್ ಬಲ್ಬ್: ಎರಡು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಹಾಕಿಸಿದ ದುಡ್ಡು ದಂಡ ಆಗಲಿಲ್ಲ. ಆದರೆ ಡಬ್ಬಿ ಮೇಲೆ ಬರೆದಷ್ಟು ಬೆಳಕು ಬರುತ್ತದೆ ಅಂತ ಮಾತ್ರ ನಂಬಬೇಡಿ.

ನಮ್ಮ ಮನೆ ಶಿರಸಿ ಕಡೆ. ಅಂಗಳದಿಂದ ರಸ್ತೆಗೆ ರಿವರ್ಸ್‌ನಲ್ಲೇ ಬರಬೇಕು. ಒಂದು ಪಕ್ಕ ತೋಟದ ಅಗಳ, ಇನ್ನೊಂದು ಪಕ್ಕ ಚಿರೇಕಲ್ಲಿನ ಪಾಗಾರ. ಹೊಸ ಕಾರುಗಳಿಗೆ 2019ರ ಜುಲೈಯಿಂದ ಪಾರ್ಕಿಂಗ್ ಸೆನ್ಸರ್ ಕಡ್ಡಾಯ ಆಯಿತಲ್ಲ, ನಮ್ಮ ಗಾಡಿ ಅದಕ್ಕೂ ಎಷ್ಟೋ ಹಿಂದಿನದು. ಸೆನ್ಸರೂ ಇಲ್ಲ, ಕ್ಯಾಮೆರಾನೂ ಇಲ್ಲ. ಮಳೆಗಾಲದ ರಾತ್ರಿ ಕರೆಂಟ್ ಹೋಗಿದ್ದರಂತೂ ಮನೆಯವರು ಯಾರಾದರೂ ಟಾರ್ಚ್ ಹಿಡಿದು ಹಿಂದೆ ನಿಲ್ಲಬೇಕಿತ್ತು.

ಗಾಡಿಯ ರಿವರ್ಸ್ ಲೈಟಿನಲ್ಲಿ ಇದ್ದದ್ದು 21 ವ್ಯಾಟ್‌ನ ಸಿಂಗಲ್ ಕಾಂಟ್ಯಾಕ್ಟ್ (ಬುಡದಲ್ಲಿ ಕರೆಂಟಿಗೆ ಒಂದೇ ಬಿಂದು ಇರುವ) ಬಲ್ಬ್, ಪಿ21ಡಬ್ಲ್ಯೂ ಅಂತಾರಲ್ಲ, ಅದು. ಲೆಕ್ಕದ ಪ್ರಕಾರ ಒಂದು ಬಲ್ಬು 460 ಲ್ಯೂಮೆನ್ (ಬೆಳಕಿನ ಅಳತೆ) ಕೊಡಬೇಕು, ಅದೇನು ಕಡಿಮೆ ಬೆಳಕಲ್ಲ. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ನೋಡಿದ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಹಿಂದಿನ ಹೋಲ್ಡರಿನಲ್ಲಿ 12.4 ಮಾತ್ರ. ಇಂಥ ಫಿಲಮೆಂಟ್ ಬಲ್ಬಿಗೆ, ಅಂದರೆ ಒಳಗಿನ ತಂತಿ ಕಾದು ಬೆಳಗುವ ಬಲ್ಬಿಗೆ, ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ಹೆಚ್ಚುಕಡಿಮೆ ಮೂವತ್ತು ಇಳಿಯುತ್ತದೆ. ಅರ್ತ್ ವೈರ್ ಕೂತ ಜಾಗದಲ್ಲಿ ತುಕ್ಕು, ಹೋಲ್ಡರ್ ಒಳಗೆ ಹಸಿರು ಕಿಲುಬು. ಮರಳು ಕಾಗದದಲ್ಲಿ ತಿಕ್ಕಿ, ಅರ್ತ್ ಬಿಗಿ ಮಾಡಿ, ಲೈಟಿನ ಪ್ಲಾಸ್ಟಿಕ್ ಬಿಚ್ಚಿ ಸೋಪುನೀರಿನಲ್ಲಿ ತೊಳೆದ. ಅಷ್ಟಕ್ಕೇ, ಹಳೇ ಬಲ್ಬಿನಲ್ಲೇ, ಪಾಗಾರದ ಕಲ್ಲು ಕಾಣೋಕೆ ಶುರುವಾಯಿತು! ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ಆಮೇಲೆ ಎಲ್ಇಡಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಕೊಂಡೆ, ಜೋಡಿಗೆ 450 ರೂಪಾಯಿ. "ಹಾಕ್ಸಿ ಸಾರ್, ರಾತ್ರಿ ಹಗಲಾಗುತ್ತೆ" ಅಂದರು ಅಂಗಡಿಯವರು. ಡಬ್ಬಿ ಮೇಲೆ 2000 ಲ್ಯೂಮೆನ್ ಅಂತ ಇತ್ತು. ಬಲ್ಬು ಎಳೆಯುವುದು 5 ವ್ಯಾಟ್. ಇಂಥ ಬಲ್ಬುಗಳಲ್ಲಿ ವ್ಯಾಟಿಗೆ ನೂರು ಲ್ಯೂಮೆನ್ ಬಂದರೆ ಪುಣ್ಯ, ಹಾಗಿದ್ದಮೇಲೆ ಎರಡು ಸಾವಿರ ಎಲ್ಲಿಂದ ಬಂತು? ನಿಜವಾಗಿ ನೋಡಬೇಕಾದ್ದು ಬೆಳಕು ಕೊಡುವ ಪುಟ್ಟ ಚಿಪ್‌ಗಳು ಎಲ್ಲಿವೆ ಅನ್ನೋದು. ತಲೆ ಮೇಲೆ ಮಾತ್ರ ಚಿಪ್ ಇರುವ ಬಲ್ಬು ನೇರ ಹಿಂದಕ್ಕೆ ಒಂದು ಚುಕ್ಕಿ ಬೆಳಕು ಹೊಡೆಯುತ್ತದೆ, ಅಗಳ ಕತ್ತಲಲ್ಲೇ ಉಳಿಯುತ್ತದೆ. ಸುತ್ತಲೂ ಚಿಪ್ ಇದ್ದರೆ ಬಲ್ಬಿನ ಹಿಂದಿನ ಹೊಳಪು ಬಟ್ಟಲು, ಅಂದರೆ ರಿಫ್ಲೆಕ್ಟರ್‌ಗೆ ಬೆಳಕು ತಾಗಿ ಅಗಲಕ್ಕೆ ಹರಡುತ್ತದೆ. ನಾನು ತಂದದ್ದು ಈ ಎರಡನೇ ಥರದ್ದು, ಮೂಲ ಬಲ್ಬಿಗಿಂತ ಉದ್ದ ಇಲ್ಲದ್ದು. ಈಗ ಅಗಳದ ಅಂಚಿನ ಹುಲ್ಲೂ ಬಿಡಿಬಿಡಿಯಾಗಿ ಕಾಣುತ್ತದೆ, ಟಾರ್ಚ್ ಡ್ಯೂಟಿ ಮುಗಿಯಿತು.

ಕೊರತೆಗಳೂ ಇವೆ. ತುಂಬಾ ಬಿಳಿ ಬೆಳಕು, ಜೋರು ಮಳೆಯಲ್ಲಿ ಹನಿಗಳೇ ಹೊಳೆಯುತ್ತವೆ, ನೆಲ ಮಂಕು. ಮುಂದಿನ ಸಲ ಸ್ವಲ್ಪ ಹಳದಿ ಕಡೆಯದ್ದು ತರುತ್ತೇನೆ. ಹಳೇ ಬಲ್ಬಿನ ಬಿಸಿಗೆ ಲೈಟಿನೊಳಗಿನ ತೇವ ಆರುತ್ತಿತ್ತು, ಎಲ್ಇಡಿಗೆ ಆ ಬಿಸಿ ಇಲ್ಲ, ಹಾಗಾಗಿ ಆಷಾಢದಲ್ಲಿ ಒಳಗೆ ಬೆವರು ನಿಲ್ಲುವುದು ಜಾಸ್ತಿ. ಎರಡನೇ ಮಳೆಗಾಲದಲ್ಲಿ ಎಡಗಡೆಯದು ಮಿಣುಕತೊಡಗಿತು, ತೆಗೆದು ನೋಡಿದರೆ ಮತ್ತೆ ಕಿಲುಬು. ಒರೆಸಿ ಹಾಕಿದ ಮೇಲೆ ಸರಿ ಹೋಯಿತು.

ಎಲ್ಇಡಿ ಬೇಡ, ಅದೇ ಹೋಲ್ಡರಿಗೆ 35 ವ್ಯಾಟ್ ಹ್ಯಾಲೊಜೆನ್ ಹಾಕೋಣ ಅನ್ನುವವರಿಗೆ ಒಂದು ಮಾತು: 21 ವ್ಯಾಟ್ ಬಲ್ಬು ಎಳೆಯುವುದು ಪೌಣೆರಡು ಆಂಪ್, ಅದು ಹತ್ತಿರ ಹತ್ತಿರ ಮೂರು. ಹಳೇ ವೈರು, ಪ್ಲಾಸ್ಟಿಕ್ ಹೋಲ್ಡರು ಆ ಬಿಸಿ ತಡೆಯುವುದಿಲ್ಲ, ಕರಗುತ್ತದೆ. ರಿವರ್ಸ್ ಲೈಟಿಗೆ ಬೇರೆ ಸ್ವಿಚ್ ಹಾಕಿ, ಮುಂದಕ್ಕೆ ಹೋಗುವಾಗಲೂ ಸುಮ್ನೆ ಉರಿಸಿಕೊಂಡು ಹೋಗುವವರೂ ಇದ್ದಾರೆ, ಹಿಂದಿನ ಬೈಕಿನವನ ಕಣ್ಣಿನ ಗತಿ ಏನು ಹೇಳಿ? ಇನ್ನು ನಿಮ್ಮ ಕಾರಿನಲ್ಲಿ ಪಕ್ಕದ ಪಿನ್ ಸಿಕ್ಕಿಸಿ ತಿರುಗಿಸುವ ಬಲ್ಬಿನ ಬದಲು ಒತ್ತಿ ಕೂರಿಸುವ ಚಪ್ಪಟೆ ಬುಡದ ಬಲ್ಬು ಇದ್ದು, ಹೊಸ ಎಲ್ಇಡಿ ಉರಿಯದಿದ್ದರೆ ಅಂಗಡಿಗೆ ಓಡಬೇಡಿ, ತೆಗೆದು ತಿರುಗಿಸಿ ಹಾಕಿ ನೋಡಿ. ಪ್ಲಸ್ ಮೈನಸ್ ಅದಲುಬದಲು ಆಗಿರುತ್ತದೆ ಅಷ್ಟೇ.