ಕಾವೇರಿ 2.0ದಲ್ಲಿ ಫ್ಲ್ಯಾಟ್ ರಿಜಿಸ್ಟ್ರೇಷನ್: ಕೆಲಸ ಸಲೀಸು, ತೆರಿಗೆ ಭಾರ

ಚಂದಾಪುರದ ಹತ್ತಿರ ಬಿಲ್ಡರ್ ಕಡೆಯಿಂದ ಒಂದು ಚಿಕ್ಕ ಫ್ಲ್ಯಾಟ್ ತಗೊಂಡೆವು. ಬೆಲೆ 42 ಲಕ್ಷ. ನಾನು ಲ್ಯಾಬ್ ಟೆಕ್ನಿಷಿಯನ್, ನಮ್ಮ ಯಜಮಾನರು ಕಂಪನಿ ಬಸ್ ಓಡಿಸುತ್ತಾರೆ. ರಿಜಿಸ್ಟ್ರೇಷನ್ ಕೆಲಸ ಬ್ರೋಕರ್‌ಗೆ ಒಪ್ಪಿಸದೆ, ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲಿನಲ್ಲಿ ನಾನೇ ಮಾಡಿದೆ.

ಪೋರ್ಟಲ್ ನನಗೆ ತುಂಬ ಇಷ್ಟವಾಯಿತು. ಡ್ಯೂಟಿ ಮುಗಿಸಿ ಬಂದು ರಾತ್ರಿ ಮನೆಯಲ್ಲೇ ವಿವರ ತುಂಬಿ, ಕ್ರಯಪತ್ರದ ಕರಡು ಅಪ್‌ಲೋಡ್ ಮಾಡಿದೆ. ಸಬ್ ರಿಜಿಸ್ಟ್ರಾರ್ ನೋಡಿ ಒಪ್ಪಿದ ಮೇಲೆ ಹಣ ಕಟ್ಟಿ ಸ್ಲಾಟ್ ತಗೊಂಡೆ. ಆಫೀಸಿನಲ್ಲಿ ಉಳಿದಿದ್ದು ಫೋಟೊ, ಹೆಬ್ಬೆಟ್ಟು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಾದರೂ ಮಾಡಿಸಬಹುದು. ಹಾಗಾಗಿ ಆಸ್ಪತ್ರೆಗೆ ಹತ್ತಿರದ್ದನ್ನೇ ಆರಿಸಿಕೊಂಡೆ.

ಈಗ ದುಡ್ಡಿನ ಮಾತು. 20 ಲಕ್ಷ ದಾಟಿದ, 45 ಲಕ್ಷದ ಒಳಗಿನ ಹೊಸ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ 3 ಪರ್ಸೆಂಟ್. ನಮಗೆ 1,26,000 ರೂಪಾಯಿ ಬಂತು. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 15,120. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ 1ರಿಂದ 2 ಪರ್ಸೆಂಟ್ ಆಗಿದೆ, ಅದು 84,000. ಒಟ್ಟು 2,25,120. ಬ್ಯಾಂಕ್ ಇದಕ್ಕೆ ಸಾಲ ಕೊಡಲಿಲ್ಲ. ಚೀಟಿ ಹಣ ಪೂರ್ತಿ ಇಲ್ಲಿಗೇ ಹೋಯಿತು.

ಇದೇ ಫ್ಲ್ಯಾಟ್ 46 ಲಕ್ಷ ಆಗಿದ್ದರೆ? ಮುದ್ರಾಂಕ ಶುಲ್ಕ ಒಮ್ಮೆಗೇ 5 ಪರ್ಸೆಂಟ್. ಎಲ್ಲ ಸೇರಿ 3,49,600. ಬೆಲೆ ನಾಲ್ಕು ಲಕ್ಷ ಏರಿದರೆ ತೆರಿಗೆ ಒಂದೂಕಾಲು ಲಕ್ಷ ಏರುತ್ತದೆ! 45 ಲಕ್ಷದ ಮಿತಿ 2021ರ ಬಜೆಟ್ಟಿನದು. 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ದರ (ಆಸ್ತಿಗೆ ಸರ್ಕಾರ ಕಟ್ಟುವ ಕನಿಷ್ಠ ಬೆಲೆ) ಏರಿಸಿದರು, ಮಿತಿ ಮಾತ್ರ ಅಲ್ಲೇ ನಿಂತಿದೆ. ಹಳೇ ಫ್ಲ್ಯಾಟ್ ಕೊಳ್ಳುವವರಿಗಂತೂ ಈ ರಿಯಾಯಿತಿಯೇ ಇಲ್ಲ. ನನ್ನ ತಮ್ಮ ಆನೇಕಲ್‌ನಲ್ಲಿ ಅಂಥದ್ದೊಂದನ್ನು ನೋಡಿ, ಈ ಲೆಕ್ಕ ಕೇಳಿ ಸುಮ್ಮನಾದ.

ನನಗೆ ಜಾಸ್ತಿ ಬೇಸರ ಬೇರೆ ವಿಷಯಕ್ಕೆ. 46 ಲಕ್ಷದ ಮನೆಗೂ 5 ಪರ್ಸೆಂಟ್, 46 ಕೋಟಿಯ ಬಂಗಲೆಗೂ 5 ಪರ್ಸೆಂಟ್. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ 2022ರಲ್ಲಿ ಜನರೇ ಮತ ಹಾಕಿ ಬೇರೆ ದಾರಿ ಹಿಡಿದರು. ಮೊದಲು ಇಟ್ಟ ಮಿತಿಯ ಪ್ರಕಾರ ಅಲ್ಲಿ 50 ಲಕ್ಷ ಡಾಲರ್ ದಾಟಿದ ಆಸ್ತಿ ಮಾರಿದರೆ ಮಾರಿದವರು 4 ಪರ್ಸೆಂಟ್, ಒಂದು ಕೋಟಿ ಡಾಲರ್ ಮುಟ್ಟಿದರೆ 5.5 ಪರ್ಸೆಂಟ್ ಕಟ್ಟಬೇಕಿತ್ತು. ಆ ಹಣ ಕೈಗೆಟುಕುವ ಮನೆಗಳಿಗೆ, ಬಾಡಿಗೆದಾರರ ನೆರವಿಗೆ ಮೀಸಲು. ಬೆಲೆ ಏರಿಕೆ ನೋಡಿಕೊಂಡು ಮಿತಿಯನ್ನೂ ವರ್ಷವರ್ಷ ಏರಿಸುತ್ತಾರೆ. ಅಂದುಕೊಂಡಷ್ಟು ಹಣ ಬಂದಿಲ್ಲ, ದೊಡ್ಡ ಆಸ್ತಿಗಳ ಮಾರಾಟ ಕುಗ್ಗಿದೆ ಅನ್ನುವ ದೂರೂ ಇದೆ. ಅದನ್ನು ನೋಡಿ ನಮ್ಮ ಸರ್ಕಾರ ದರವನ್ನು ಎಚ್ಚರದಿಂದ ಇಡಲಿ. ಆದರೆ ಕೋಟಿಗಟ್ಟಲೆ ವ್ಯವಹಾರದ ಶುಲ್ಕದಲ್ಲಿ ಒಂದು ಪಾಲು ಬಡವರಿಗೆ ಮನೆ ಕೊಡುವ ನಮ್ಮ ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳಿಗೆ ಅಂತ ಬರೆದಿಡಬಹುದು ಅಲ್ವಾ? ಆಗ ಆ ಎರಡೂಕಾಲು ಲಕ್ಷ ಕಟ್ಟುವಾಗ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಪೋರ್ಟಲ್ ಧೈರ್ಯವಾಗಿ ಬಳಸಿ. ಬೆಲೆ 45 ಲಕ್ಷದ ಆಸುಪಾಸು ಇದ್ದರೆ ಅಗ್ರಿಮೆಂಟಿಗೆ ಮುಂಚೆಯೇ ಅದರಲ್ಲಿ ಮಾರ್ಗಸೂಚಿ ಮೌಲ್ಯ ನೋಡಿಕೊಳ್ಳಿ. ಕೊಟ್ಟ ಬೆಲೆ, ಆ ಮೌಲ್ಯ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆಯೇ ಶುಲ್ಕ ಹಾಕುತ್ತಾರೆ.